ಕದಲಿಸಿದ ಮೇಲೆ ಅದು ಆಮೆ

ಚರ್ಮಗಂಟು ರೋಗ ಬಂದು ಹೋದ ಮರುವರ್ಷದ ಮಾತು. ಆಗ ನಾನು ಅರಕಲಗೂಡಿನ ಪಶು ಆಸ್ಪತ್ರೆಯಲ್ಲಿ ವೈದ್ಯಾಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರದಲ್ಲೇ ಇತ್ತು, ಮಂಡಿನೋವು ಅದಕ್ಕಿಂತ ಹತ್ತಿರ ಬಂದಿತ್ತು. ಕಾಲುಬಾಯಿ ಜ್ವರದ ಲಸಿಕೆ ಹಾಕುವ ಸುತ್ತು ನಡೆಯುತ್ತಿದ್ದ ದಿನಗಳು ಅವು. ಬೆಳಗ್ಗೆ ಐಸ್ ಬಾಕ್ಸ್ ಹೊರಿಸಿಕೊಂಡು ಹಳ್ಳಿಗೆ ಹೋದರೆ ಹಸು ಹಿಡಿದುಕೊಡಬೇಕಾದವರು ಶುಂಠಿ ಕೀಳಲು ಹೋಗಿರುತ್ತಿದ್ದರು. ಅವರು ಬರುವ ಹೊತ್ತಿಗೆ ಹಸು ಮೇಯಲು ಹೋಗಿರುತ್ತಿತ್ತು. ಮಧ್ಯಾಹ್ನ ಆಸ್ಪತ್ರೆಗೆ ವಾಪಸಾದರೆ ಕೆಚ್ಚಲು ಬಾವು, ಹೊಟ್ಟೆ ಉಬ್ಬರ, ಕರು ಹಾಕಲಾರದೆ ಒದ್ದಾಡುವ ಎಮ್ಮೆ. ಒಟ್ಟಿನಲ್ಲಿ ಸಾಕುಸಾಕಾಗಿ ಹೋಗಿತ್ತು. ಹೊಸದಾಗಿ ಏನನ್ನೂ ಕಲಿಯುವ ಆಸೆ ನನಗಿರಲಿಲ್ಲ.

ಅಂಥ ಒಂದು ಮಧ್ಯಾಹ್ನ ಹೆಂಗಸೊಬ್ಬರು ಪ್ಲಾಸ್ಟಿಕ್ ಬಕೆಟ್ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಬಕೆಟ್ಟಿನ ಮೇಲೆ ಒದ್ದೆ ಟವೆಲ್ ಮುಚ್ಚಿತ್ತು. ಹೆಸರು ಪದ್ಮಿನಿ, ಕೊಣನೂರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಡಮ್, ಮನೆ ಹೊಳೆನರಸೀಪುರದಲ್ಲಿ. ದಿನಾ ಎರಡೂ ಹೊತ್ತು ಬಸ್ಸಿನ ಓಡಾಟ. ನಮ್ಮ ಆಸ್ಪತ್ರೆಯ ಸಹಾಯಕ ಜವರೇಗೌಡ ಟವೆಲ್ ಎತ್ತಿ ನೋಡಿದವನೇ ನನ್ನ ಕಡೆ ತಿರುಗಿದ.

"ಆಮೆ ಕಣ್ ಮೇಡಮ್ಮಾರೆ. ಇದುಕ್ಕೂ ನಾವೇಯಾ?"

ಅಂಗೈಗಿಂತ ಸ್ವಲ್ಪ ದೊಡ್ಡದಾದ ಆಮೆ. ಕಿವಿಯ ಜಾಗದಲ್ಲಿ ಎರಡೂ ಕಡೆ ಕೆಂಪು ಪಟ್ಟಿ. ಕಣ್ಣುಗಳು ಊದಿಕೊಂಡು ಪೂರ್ತಿ ಮುಚ್ಚಿಹೋಗಿದ್ದವು. ಮೂಗಿನಲ್ಲಿ ಸಣ್ಣ ಗುಳ್ಳೆಗಳು. ಚಿಪ್ಪನ್ನು ಹೆಬ್ಬೆರಳಿನಿಂದ ಒತ್ತಿದರೆ ಹಳೆಯ ರಬ್ಬರಿನಂತೆ ಒಳಕ್ಕೆ ಹೋಯಿತು. ಚಿಪ್ಪಿನ ಗೀರುಗಳಲ್ಲೆಲ್ಲ ಅರಿಶಿನ ಕುಂಕುಮ ಮೆತ್ತಿಕೊಂಡಿತ್ತು. ನನಗೆ ಗೊತ್ತಿದ್ದ ಪಶುವೈದ್ಯ ಅಲ್ಲಿಗೆ ಮುಗಿಯಿತು. ಕಾಲೇಜಿನಲ್ಲಿ ಸರೀಸೃಪಗಳ ಬಗ್ಗೆ ಎಷ್ಟು ಹೇಳಿದ್ದರೋ, ನಾನೆಷ್ಟು ನಿದ್ದೆ ಮಾಡಿದ್ದೆನೋ, ಈಗ ನೆನಪಿಗೆ ಬರುವಂಥದ್ದೇನೂ ಉಳಿದಿರಲಿಲ್ಲ. "ದನಕರು, ಕುರಿಮೇಕೆ, ನಾಯಿ, ಕೋಳಿ, ಇವು ಬಿಟ್ಟರೆ ನನಗೆ ಗೊತ್ತಿಲ್ಲಮ್ಮ" ಎಂದೆ.

"ಎಲ್ರೂ ಇದನ್ನೇ ಹೇಳಿದ್ರು ಮೇಡಮ್" ಎಂದು ಪದ್ಮಿನಿ ಬಕೆಟ್ಟಿನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಆಕೆಯ ಸುಸ್ತು ನೋಡಿದರೆ ನನ್ನದು ಏನೂ ಅಲ್ಲ ಅನ್ನಿಸಿತು.

ಆಕೆಯ ತಂಗಿ ಚನ್ನರಾಯಪಟ್ಟಣದಲ್ಲಿ ಮನೆ ಬಾಡಿಗೆಗೆ ಕೊಡುತ್ತಾಳೆ. ಒಂದು ಸಂಸಾರ ಮನೆ ಖಾಲಿ ಮಾಡಿ ಹೋದಾಗ ಗಾಜಿನ ತೊಟ್ಟಿ, ಅದರಲ್ಲಿ ಎರಡು ಬೆರಳು ಕೊಳಕು ನೀರು, ಆ ನೀರಿನಲ್ಲಿ ಈ ಆಮೆ ಹಾಗೇ ಉಳಿದಿತ್ತಂತೆ. ತಂಗಿ ಅದನ್ನು ಹೊಳೆಗೆ ಎಸೆಯಲು ಹೊರಟಿದ್ದಳು, ಅಕ್ಕ ಮನೆಗೆ ತಂದರು. ವರ್ಷದ ಮೇಲೆ ಆಗಿದೆ. ಈಗ ಕಾಯಿಲೆ ಬಿದ್ದ ಮೇಲೆ ಮೊದಲು ಹೊಳೆನರಸೀಪುರದಲ್ಲೇ ತೋರಿಸಿದರು. ದನದ ಡಾಕ್ಟರು ಕೈಮುಗಿದರು. ಹಾಸನದಲ್ಲಿ ನಾಯಿ ಬೆಕ್ಕಿನ ಕ್ಲಿನಿಕ್ಕಿಗೆ ಹೋದರು. ಅಲ್ಲಿಯ ಹುಡುಗ ಡಾಕ್ಟರು ಒಳ್ಳೆಯವರು, ಬೆಂಗಳೂರಿಗೆ ಒಯ್ಯಿರಿ ಎಂದರು. ಶಾಲೆ ಬಿಟ್ಟು ಬೆಂಗಳೂರಿಗೆ ಯಾರು ಹೋಗುತ್ತಾರೆ? ಚನ್ನರಾಯಪಟ್ಟಣದ ಮೀನಿನ ತೊಟ್ಟಿ ಮಾರುವ ಅಂಗಡಿಯಲ್ಲಿ ನೀಲಿ ಬಣ್ಣದ ಹನಿ ಕೊಟ್ಟರು. ನೀರು ನೀಲಿಯಾಯಿತು, ಆಮೆ ಹಾಗೇ ಇತ್ತು.

"ನಮ್ ಮಾವನೋರಿಗೆ ಇದು ಹೋದ್ರೆ ತಡೆಯೋಕಾಗಲ್ಲ ಮೇಡಮ್. ಅದಕ್ಕೇ ಸುತ್ತುತಾ ಇದೀನಿ" ಎಂದರು.

ಮಾವನ ಸಂಗತಿ ಆಮೇಲೆ ಕೇಳೋಣ ಎಂದುಕೊಂಡು ಮೊದಲು ಕಾನೂನು ನೋಡಿದೆ. ನಮ್ಮ ದೇಶದ ಆಮೆಯನ್ನು ಮನೆಯಲ್ಲಿ ಸಾಕುವುದು ಅಪರಾಧ. ಅರಣ್ಯ ಇಲಾಖೆಯಲ್ಲಿದ್ದ ಪರಿಚಯದವರೊಬ್ಬರಿಗೆ ಫೋಟೊ ಕಳಿಸಿದೆ. ಅವರು ಕೂಡಲೇ ಫೋನ್ ಮಾಡಿದರು. ಇದು ಹೊರದೇಶದಿಂದ ಬಂದ ಜಾತಿ, ನಾವು ವಶಕ್ಕೆ ತೆಗೆದುಕೊಳ್ಳುವಂಥದ್ದಲ್ಲ. ಆದರೆ ದಯವಿಟ್ಟು ಹೊಳೆಗೆ ಬಿಡಬೇಡಿ, ನಮ್ಮ ಆಮೆಗಳ ಊಟವನ್ನೆಲ್ಲ ಇದೇ ತಿಂದು ಹಾಕುತ್ತದೆ ಎಂದರು. ಅಲ್ಲಿಗೆ ಹೇಮಾವತಿ ಹೊಳೆಯ ದಾರಿಯೂ ಮುಚ್ಚಿತು. ಯಾರಿಗೂ ಬೇಡದ ಪ್ರಾಣಿಯೊಂದು ನನ್ನ ಮೇಜಿನ ಮೇಲೆ ಉಳಿಯಿತು.

ಕೊನೆಗೆ ಸುಲೋಚನಾ ನೆನಪಾದಳು. ಓದುವಾಗ ನನ್ನ ರೂಮ್‌ಮೇಟ್, ಮೈಸೂರಿನಲ್ಲಿ ಕಾಡುಪ್ರಾಣಿಗಳ ನಡುವೆಯೇ ಸರ್ವೀಸು ಕಳೆದವಳು. ವಿಡಿಯೊ ಕಾಲ್ ಮಾಡಿ ಆಮೆಯನ್ನು ತೋರಿಸಿದೆ. ಅವಳು ಕಣ್ಣು ನೋಡಿದಳು, ಚಿಪ್ಪು ಒತ್ತಿಸಿದಳು, ಮೂಗು ನೋಡಿದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಏನು ತಿನ್ನುತ್ತೆ ಇದು?"

ಪದ್ಮಿನಿ ಬಗ್ಗಿ ಫೋನಿಗೆ ಹೇಳಿದರು: "ಹಾಲನ್ನ, ಮೊಸರನ್ನ, ಸೌತೆಕಾಯಿ. ತೆಂಗಿನಕಾಯಿ ತುರಿ. ಎಲ್ಲ ನೈವೇದ್ಯ ಆದ್ಮೇಲೆ. ಏಕಾದಶಿ ದಿನ ಮಾತ್ರ ಏನೂ ಇಲ್ಲ."

"ಏಕಾದಶಿ ದಿನ ಯಾಕಿಲ್ಲ?"

"ಉಪವಾಸ ಅಲ್ವಾ."

"ಯಾರಿಗೆ?"

"ಮನೇಲಿ ಎಲ್ರಿಗೂ. ಅದಕ್ಕೂ."

ಜವರೇಗೌಡ ಮುಖ ಆ ಕಡೆ ತಿರುಗಿಸಿಕೊಂಡ. ನನಗೂ ನಗು ಬಂದಿತ್ತು, ಆದರೆ ಪದ್ಮಿನಿಯ ಮುಖ ನೋಡಿ ನುಂಗಿಕೊಂಡೆ. ಆಮೇಲೆ ಸುಲೋಚನಾ ಬಿಡಿಸಿ ಹೇಳಿದಳು. ಈ ಜಾತಿಗೆ ಸೊಪ್ಪೂ ಬೇಕು, ಮೀನು ಹುಳುಗಳೂ ಬೇಕು. ಅನ್ನ, ಹಾಲು ಅದರ ಹೊಟ್ಟೆಗೆ ಆಗಿಬರುವುದಿಲ್ಲ. ಎ ವಿಟಮಿನ್ ಇಲ್ಲದೆ ರೆಪ್ಪೆ ಊದಿ ಕಣ್ಣು ಮುಚ್ಚಿದೆ. ಸುಣ್ಣದ ಅಂಶ ಮತ್ತು ಬಿಸಿಲು ಇಲ್ಲದೆ ಚಿಪ್ಪು ಮೆತ್ತಗಾಗಿದೆ. ಎದೆಯಲ್ಲಿ ಸೋಂಕು ಶುರುವಾಗಿದೆ. ಕಣ್ಣು ಕಾಣದ ಆಮೆ ಆಹಾರ ಹಿಡಿಯುವುದಿಲ್ಲ, ತಿನ್ನದೆ ಇದ್ದರೆ ಕಣ್ಣು ತೆರೆಯುವುದಿಲ್ಲ. "ಇಂಜೆಕ್ಷನ್ ನೀನು ಕೊಡು, ನಾನು ಹೇಳ್ತೀನಿ. ಆದ್ರೆ ಮೀನು ತಿನ್ನಿಸದೆ ಇದು ಉಳಿಯಲ್ಲ" ಎಂದಳು.

ಫೋನ್ ಇಟ್ಟ ಮೇಲೆ ಪದ್ಮಿನಿ ಮೆಲ್ಲಗೆ ಹೇಳಿದರು: "ಮೀನು ಅನ್ನೋ ಮಾತನ್ನ ನಾನು ಆ ಮನೇಲಿ ಆಡೋಕಾಗಲ್ಲ ಮೇಡಮ್. ನೀವೇ ಬಂದು ಹೇಳಿ."

ಮರುದಿನ ಲಸಿಕೆ ಕೆಲಸ ಮುಗಿಸಿ, ತರಿಸಿಟ್ಟುಕೊಂಡ ಔಷಧಿ ಚೀಲಕ್ಕೆ ಹಾಕಿಕೊಂಡು ಹೊಳೆನರಸೀಪುರಕ್ಕೆ ಹೋದೆ. ಹಾಸನದ ನನ್ನ ಮನೆಗೆ ಅದು ಸುತ್ತು ದಾರಿ. ದಾರಿಯುದ್ದಕ್ಕೂ ನನ್ನನ್ನು ನಾನೇ ಬೈದುಕೊಂಡೆ. ಎಮ್ಮೆಯ ಗರ್ಭಕ್ಕೆ ಕೈ ಹಾಕಿ ಕರು ಎಳೆಯುವುದಕ್ಕೆ ಹಿಂಜರಿಯದ ನನಗೆ, ಅರ್ಚಕರೊಬ್ಬರ ಮನೆಯಲ್ಲಿ ಮೀನಿನ ಹೆಸರೆತ್ತುವುದು ಇಷ್ಟು ಕಷ್ಟವಾಗಬೇಕೆ?

ಪದ್ಮಿನಿಯ ಮಾವ ಶ್ರೀಪತಿ ಭಟ್ಟರು ಊರಾಚೆಯ ಒಂದು ಸಣ್ಣ ದೇವಸ್ಥಾನದಲ್ಲಿ ಬಹುಕಾಲ ಪೂಜೆ ಮಾಡಿದವರು. ಕೈ ನಡುಕ ಶುರುವಾಯಿತು. ಡಾಕ್ಟರು ಪಾರ್ಕಿನ್‌ಸನ್ ಎಂದರು. ಒಂದು ಶನಿವಾರ ತುಂಬಿದ ಜನರ ಮುಂದೆ ಮಂಗಳಾರತಿ ತಟ್ಟೆ ಕೈ ಜಾರಿತು. ಯಾರೂ ಏನೂ ಅನ್ನಲಿಲ್ಲ. ಮುಂದಿನ ವಾರದಿಂದ ಮಗ ಗರ್ಭಗುಡಿಗೆ ಹೋದ, ಇವರು ಮನೆಯಲ್ಲಿ ಉಳಿದರು. ಅದೇ ಹೊತ್ತಿಗೆ ಸೊಸೆ ಆಮೆ ತಂದಳು. ಭಟ್ಟರು ಅದನ್ನು ಕೂರ್ಮಾವತಾರವೆಂದೇ ಬರಮಾಡಿಕೊಂಡರು. ದೇವರ ಮನೆಯಲ್ಲಿ ಹಿತ್ತಾಳೆ ಬೋಗುಣಿ, ಅದರಲ್ಲಿ ಆಮೆ. ಬೆಳಗ್ಗೆ ಹಾಲಿನ ಅಭಿಷೇಕ, ಅರಿಶಿನ ಕುಂಕುಮ, ತುಳಸಿ, ನೈವೇದ್ಯ. ನಡುಗುವ ಕೈಯಿಂದ ಹಾಲು ಅರ್ಧ ನೆಲಕ್ಕೆ ಹೋದರೂ ಸಾಲಿನಲ್ಲಿ ನಿಂತು ನೋಡುವವರು ಅಲ್ಲಿ ಯಾರೂ ಇರಲಿಲ್ಲ.

ನಾನು ಹೋದಾಗ ಅವರು ದೇವರ ಮನೆಯ ಹೊಸ್ತಿಲ ಬಳಿ ಮಣೆಯ ಮೇಲೆ ಕೂತಿದ್ದರು. ತೆಳ್ಳನೆಯ ಮೈ, ಬೆಳ್ಳಗಿನ ಪಂಚೆ. ಬಲಗೈಯ ಹೆಬ್ಬೆರಳು ತೋರುಬೆರಳು ಒಂದೇ ಸಮನೆ ಅದುರುತ್ತಿದ್ದವು.

"ಬನ್ನಿ ಡಾಕ್ಟ್ರಮ್ಮ. ಸ್ವಾಮಿಗೆ ಹುಷಾರಿಲ್ಲ. ಮೂರು ದಿನದಿಂದ ನೈವೇದ್ಯ ಮುಟ್ಟಿಲ್ಲ" ಎಂದರು.

ಮೊದಲು ಕೆಲಸ ಮುಗಿಸಿದೆ. ಆಮೆಗೆ ಇಂಜೆಕ್ಷನ್ ಕೊಡುವಾಗ ಮುಂಗಾಲಿಗೇ ಕೊಡಬೇಕು. ಹಿಂಗಾಲಿಗೆ ಕೊಟ್ಟರೆ ಔಷಧಿ ನೇರ ಮೂತ್ರಪಿಂಡಕ್ಕೆ ಹೋಗಿ ಮೈಗೆ ಹತ್ತುವುದಿಲ್ಲ ಎಂದು ಸುಲೋಚನಾ ಎಚ್ಚರಿಸಿದ್ದಳು. ಎತ್ತಿಗೆ ಹೆಬ್ಬೆರಳು ಗಾತ್ರದ ಸಿರಿಂಜು ಚುಚ್ಚಿ ಅಭ್ಯಾಸವಾದ ಕೈ, ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಹನಿ ಅಳೆಯುವಾಗ ಬೆವರಿತು. ವಿಟಮಿನ್ ಎ ಸ್ವಲ್ಪ ಹೆಚ್ಚಾದರೂ ಚರ್ಮ ಸುಲಿದು ಬರುತ್ತದೆ. ಕಣ್ಣನ್ನು ಸಲೈನಿನಲ್ಲಿ ಒರೆಸಿದೆ. ಅಷ್ಟೂ ಹೊತ್ತು ಭಟ್ಟರು ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು.

ಆಮೇಲೆ ಹೇಳಿದೆ. ಸುತ್ತಿ ಬಳಸಿ ಹೇಳುವಷ್ಟು ತ್ರಾಣ ನನಗಿರಲಿಲ್ಲ. ಹಾಲು ನಿಲ್ಲಬೇಕು, ಅರಿಶಿನ ಕುಂಕುಮ ನಿಲ್ಲಬೇಕು, ಅನ್ನ ನಿಲ್ಲಬೇಕು. ಕತ್ತಲ ದೇವರ ಮನೆಯಿಂದ ಬಿಸಿಲಿಗೆ ಹೋಗಬೇಕು. ಮೀನು, ಸೀಗಡಿ ತಿನ್ನಬೇಕು. ಪದ್ಮಿನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

ಭಟ್ಟರು ಬೋಗುಣಿಯ ಕಡೆ ನೋಡಿದರು. "ಅಂದ್ರೆ ನನ್ನ ಪೂಜೆಯಿಂದಲೇ ಹೀಗಾಯ್ತಾ?" ಎಂದರು.

ಇಲ್ಲ ಅಂದರೆ ಸುಳ್ಳು. "ನಿಮಗೆ ಗೊತ್ತಿರಲಿಲ್ಲ" ಎಂದೆ. ಅವರು ತಲೆಯಾಡಿಸಿದರು. ಆ ಮನುಷ್ಯನಿಗೆ ಉಳಿದಿದ್ದುದು ಅದೊಂದೇ ಕೆಲಸ, ಅದನ್ನೂ ನಾನು ಕಿತ್ತುಕೊಳ್ಳುತ್ತಿದ್ದೆ.

"ಮೀನು ತಿನ್ನೋರ ಮನೇಲಿ ಯಾರಾದ್ರೂ ಇಟ್ಕೊಂಡ್ರೆ..." ಎಂದು ಪದ್ಮಿನಿ ಶುರು ಮಾಡಿದರು. ಜವರೇಗೌಡ ತನ್ನ ಮನೆಯಲ್ಲಿ ಇರಿಸಿಕೊಳ್ಳುತ್ತಾನೆಯೇ ಎಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು. ಕೇಳಿದ್ದಕ್ಕೆ ಅವನು, "ಓಗ್ಲಿ ಬುಡಿ ಮೇಡಮ್ಮಾರೆ, ತಕ್ಕಂಡ್ ಓಯ್ತೀನಿ. ಆದ್ರೆ ನಮ್ ಅಟ್ಟೀಲಿ ಕೋಳಿ ಅವೆ, ನಾಯಿ ಅದೆ, ನಾನ್ ಜವಾಬ್ದಾರಿ ಅಲ್ಲ" ಎಂದಿದ್ದ.

ಭಟ್ಟರು ಕೈಯೆತ್ತಿ ಸೊಸೆಯ ಮಾತನ್ನು ತಡೆದರು. "ದೇವರನ್ನ ಕಾಯಿಲೇಲಿ ಇನ್ನೊಬ್ಬರ ಮನೆಗೆ ಕಳಿಸೋದಾ? ಸ್ವಲ್ಪ ಅಕ್ಷತೆ ಕೊಡಮ್ಮ, ಉದ್ಧರಣೇಲಿ ನೀರು ತಾ" ಎಂದರು.

ನನಗೆ ರೇಗಿತು. ಇಷ್ಟು ಹೇಳಿದ ಮೇಲೂ ಮತ್ತೆ ಪೂಜೆಯೇ ಎಂದುಕೊಂಡೆ. ಚೀಲ ಕಟ್ಟಲು ಶುರು ಮಾಡಿದೆ. ಭಟ್ಟರು ಬೋಗುಣಿಯ ಮುಂದೆ ಕೂತು ಮಂತ್ರ ಹೇಳಿದರು. ಅಕ್ಷತೆ ಹಾಕಿದರು, ಅರ್ಧ ಬೋಗುಣಿಯೊಳಗೆ, ಅರ್ಧ ಹೊರಗೆ. ಆಮೇಲೆ ಎರಡೂ ಕೈಯಿಂದ ಬೋಗುಣಿಯನ್ನು ಹಿಡಿದು ಉತ್ತರದ ಕಡೆಗೆ ಒಂದು ಗೇಣು ಸರಿಸಿದರು. ಹಿತ್ತಾಳೆ ನೆಲಕ್ಕೆ ಉಜ್ಜಿ ಸದ್ದಾಯಿತು.

ಆಗ ನನಗೆ ಅರ್ಥವಾಯಿತು. ನಮ್ಮದು ಒಕ್ಕಲುತನದ ಮನೆ, ಮಂತ್ರ ಬರುವುದಿಲ್ಲ. ಆದರೆ ಗೌರಿ ಹಬ್ಬದ ಮಾರನೆಯ ದಿನ ನನ್ನವ್ವ ಕಲಶಕ್ಕೆ ಕೈಮುಗಿದು ಸ್ವಲ್ಪ ಸರಿಸುತ್ತಿದ್ದಳು. ಅದಕ್ಕೆ ಕದಲಿಸುವುದು ಎನ್ನುತ್ತಿದ್ದೆವು. ಕದಲಿಸುವ ತನಕ ಅದು ಗೌರಮ್ಮ. ಕದಲಿಸಿದ ಮೇಲೆ ಅದೇ ಚೊಂಬು, ಅದೇ ತೆಂಗಿನಕಾಯಿ. ಕಾಯಿ ಒಡೆದು ಪಾಯಸಕ್ಕೆ ಹಾಕಬಹುದು. ಭಟ್ಟರು ಆಮೆಯನ್ನು ಕದಲಿಸಿಬಿಟ್ಟಿದ್ದರು.

"ಆವಾಹನೆ ಮಾಡಿದ್ದೋನು ನಾನು, ವಿಸರ್ಜನೆನೂ ನಾನೇ ಮಾಡ್ಬೇಕು. ಆಯ್ತು ಡಾಕ್ಟ್ರಮ್ಮ. ಇನ್ನು ಇದು ಆಮೆ. ಏನು ತಿನ್ನಿಸ್ತೀರೋ ತಿನ್ನಿಸಿ" ಎಂದು, ಗೋಡೆ ಹಿಡಿದು ಎದ್ದು ಒಳಕೋಣೆಗೆ ಹೋದರು. ನಾನು ಹೊರಡುವಾಗಲೂ ಹೊರಗೆ ಬರಲಿಲ್ಲ.

ಅಂದಿನಿಂದ ಆಮೆಯ ವಾಸ ತಾರಸಿಯ ಮೇಲೆ, ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ. ಹತ್ತಿ ಕೂರಲು ಒಂದು ಕಲ್ಲು, ಅರ್ಧ ಬಿಸಿಲು, ಅರ್ಧ ನೆರಳು. ಪದ್ಮಿನಿ ಎರಡು ದಿನಕ್ಕೊಮ್ಮೆ ಬಕೆಟ್ಟಿನಲ್ಲಿ ಅದನ್ನು ಬಸ್ಸಿಗೆ ಹತ್ತಿಸಿಕೊಂಡು ಅರಕಲಗೂಡಿಗೆ ತರುತ್ತಿದ್ದರು. ಇಂಜೆಕ್ಷನ್ ಮಾಡಿ ಕಳಿಸುತ್ತಿದ್ದೆ. ಜವರೇಗೌಡ ಕೊಣನೂರು ಸಂತೆಯಿಂದ ಒಣ ಸೀಗಡಿ ತಂದುಕೊಟ್ಟ. ಪದ್ಮಿನಿ ಅದನ್ನು ಕವರಿನ ಮೇಲೆ ಕವರು ಸುತ್ತಿ, ಡಬ್ಬಿಗೆ ಹಾಕಿ, ಡಬ್ಬಿಯನ್ನು ಮಕ್ಕಳ ಉತ್ತರಪತ್ರಿಕೆಗಳ ಕೆಳಗೆ ಅಡಗಿಸಿಟ್ಟರು. "ಬಸ್ಸಲ್ಲಿ ಎಲ್ರೂ ಮೂಗು ಮುಚ್ಕೊಂಡು ಅಕ್ಕಪಕ್ಕದೋರನ್ನ ಅನುಮಾನ ಪಡ್ತಾ ಇದ್ರು ಮೇಡಮ್. ನಾನೂ ಪಟ್ಟೆ" ಎಂದು ಆಮೇಲೆ ನಕ್ಕರು. ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೂಗಿನ ಗುಳ್ಳೆ ನಿಂತಿತು. ಎಡಗಣ್ಣು ತೆರೆಯಿತು. ಬಲಗಣ್ಣು ತೆರೆದರೂ ಒಳಗೆ ಬಿಳಿಯಾಗಿತ್ತು, ಅದು ಹೋದಂತೆಯೇ. ಆದರೆ ಆಮೆ ತಿನ್ನಲಿಲ್ಲ. ಮೀನಿನ ಚೂರು, ನೆನೆಸಿದ ಸೀಗಡಿ, ಎರೆಹುಳು ಕೂಡ ಹಾಕಿದ್ದಾಯಿತು. ಎಲ್ಲ ನೀರಿನ ತಳದಲ್ಲಿ ಕೊಳೆತವು. ಮೈ ಇಳಿಯುತ್ತಾ ಬಂದು ಕಾಲಿನ ಚರ್ಮ ಜೋತುಬಿತ್ತು. ಸುಲೋಚನಾಳನ್ನು ಕೇಳಿದರೆ, "ಅದಕ್ಕೆ ಆಡೋ ವಸ್ತುನೇ ಆಹಾರ. ಅಲುಗಾಡದೆ ಬಿದ್ದಿರೋದು ಕಲ್ಲಿನ ಲೆಕ್ಕ. ಇಕ್ಕಳದಲ್ಲಿ ಹಿಡಿದು ಮುಂದೆ ಆಡಿಸಿ" ಎಂದಳು. ಪದ್ಮಿನಿ ಆಡಿಸಿದರು, ಆಕೆಯ ಗಂಡ ಆಡಿಸಿದ. ಆಮೆ ತಲೆ ಒಳಕ್ಕೆಳೆದುಕೊಂಡಿತು. ಒಂದು ಶನಿವಾರ ಪದ್ಮಿನಿ ಫೋನ್ ಮಾಡಿ, "ಸೋತೆ ಮೇಡಮ್" ಎಂದಷ್ಟೇ ಹೇಳಿದರು.

ಭಾನುವಾರ ಹೋದೆ. ನಿಜ ಹೇಳಬೇಕೆಂದರೆ ಉಳಿಸುವ ನಂಬಿಕೆ ಇಟ್ಟುಕೊಂಡು ಹೋಗಲಿಲ್ಲ. ಹೊಟ್ಟೆಗೆ ನಳಿಕೆ ಇಳಿಸಿ ಆಹಾರ ಕೊಟ್ಟು ನೋಡುವುದು. ಆಗದಿದ್ದರೆ ನೋವಿಲ್ಲದೆ ಮುಗಿಸುವ ಮಾತನ್ನು ಹೇಗೆ ಎತ್ತುವುದು ಎಂದು ಯೋಚಿಸುತ್ತಾ ಮೆಟ್ಟಿಲು ಹತ್ತಿದೆ. ಮಂಡಿ ಪ್ರತಿ ಮೆಟ್ಟಿಲಿಗೂ ದೂರು ಹೇಳಿತು. ತಾರಸಿಯಲ್ಲಿ ಟಬ್ಬಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ನನ್ನ ಉದ್ದನೆಯ ಫೋರ್ಸೆಪ್ಸ್ ಅಂದರೆ ಇಕ್ಕಳದ ತುದಿಗೆ ಸೀಗಡಿ ಸಿಕ್ಕಿಸಿ ಆಮೆಯ ಎಡಗಣ್ಣಿನ ಮುಂದೆ ಅತ್ತಿತ್ತ ಆಡಿಸಿದೆ. ತಲೆ ಒಳಗೆ ಹೋಯಿತು. ಕಾದೆ. ತಲೆ ಹೊರಗೆ ಬಂದಾಗ ಮತ್ತೆ ಆಡಿಸಿದೆ, ಮತ್ತೆ ಒಳಗೆ ಹೋಯಿತು.

"ನೀವು ಬೀಸ್ತಾ ಇದೀರಿ" ಎಂದು ಹಿಂದಿನಿಂದ ಮಾತು ಬಂತು.

ಭಟ್ಟರು ತಾರಸಿಯ ಬಾಗಿಲು ಹಿಡಿದು ನಿಂತಿದ್ದರು. ಆಮೆ ತಾರಸಿಗೆ ಬಂದ ಮೇಲೆ ಅವರು ಆ ಮೆಟ್ಟಿಲು ಹತ್ತಿರಲಿಲ್ಲವೆಂದು ಪದ್ಮಿನಿ ಹೇಳಿದ್ದರು. ಒಂದೊಂದೇ ಹೆಜ್ಜೆ ಇಟ್ಟು ಬಂದು ಟಬ್ಬಿನೊಳಗೆ ಬಗ್ಗಿ ನೋಡಿದರು.

"ಹಂಗೆ ಬೀಸಿದ್ರೆ ಹೊಡೆಯೋಕೆ ಬಂದ ಹಾಗಿರತ್ತೆ ಅದಕ್ಕೆ. ಹುಳ ಹಂಗೆ ಬೀಸಾಡಲ್ಲ. ಒಂದು ಸ್ಟೂಲು ತಾಮ್ಮ. ಅದನ್ನ ಇಲ್ಲಿ ಕೊಡಿ" ಎಂದರು.

"ಮಾವ, ಅದು ಸೀಗಡಿ" ಎಂದರು ಪದ್ಮಿನಿ.

"ಗೊತ್ತು. ಮೂಗಿದೆ ನನಗೆ. ಆಮೇಲೆ ಸ್ನಾನ ಮಾಡಿದ್ರಾಯ್ತು."

ಫೋರ್ಸೆಪ್ಸನ್ನು ಅವರ ಬಲಗೈಗೆ ಕೊಟ್ಟೆ. ಅವರು ಕೈ ಚಾಚಿ ಸೀಗಡಿಯನ್ನು ನೀರಿಗೆ ಇಳಿಸಿ ಸುಮ್ಮನೆ ಕೂತರು. ಆಡಿಸಬೇಕಾದ ಕೆಲಸವೇ ಇರಲಿಲ್ಲ. ಕೈಯ ನಡುಕ ಫೋರ್ಸೆಪ್ಸಿನುದ್ದಕ್ಕೂ ಇಳಿದು, ತುದಿಯಲ್ಲಿದ್ದ ಸೀಗಡಿ ನೀರಿನಲ್ಲಿ ಸಣ್ಣಗೆ, ಒಂದೇ ಸಮನೆ, ಜೀವವಿರುವಂತೆ ಅದುರತೊಡಗಿತು. ಆಮೆಯ ತಲೆ ಹೊರಗೆ ಬಂತು. ಒಳ್ಳೆಯ ಕಣ್ಣನ್ನು ಅತ್ತ ತಿರುಗಿಸಿತು. ಕತ್ತು ಸ್ವಲ್ಪ ಚಾಚಿ ಮತ್ತೆ ನಿಂತಿತು.

"ತಿನ್ನೋ ಲೋ" ಎಂದರು ಭಟ್ಟರು.

ಒಂದು ವರ್ಷ ಅದನ್ನೇ 'ಸ್ವಾಮಿ, ದಯಮಾಡಿಸಬೇಕು' ಎಂದು ಬೇಡಿಕೊಂಡಿದ್ದ ಬಾಯಿ ಅದು. ಆಮೆ ಕಚ್ಚಿತು. ಒಂದು ಸಲ ಜಾರಿತು, ಎರಡನೆಯ ಸಲ ಹಿಡಿಯಿತು, ನುಂಗಿತು. ಪದ್ಮಿನಿ ಸೆರಗಿನಿಂದ ಮುಖ ಒರೆಸಿಕೊಂಡು ಇನ್ನೊಂದು ಸೀಗಡಿ ಎತ್ತಿಕೊಟ್ಟರು. ಭಟ್ಟರು ತಮ್ಮ ಬಲಗೈಯನ್ನು ಒಂದು ಗಳಿಗೆ ನೋಡಿಕೊಂಡರು. "ಈ ದರಿದ್ರ ಕೈಗೂ ಒಂದು ಉದ್ಯೋಗ ಸಿಕ್ತು" ಎಂದರು. ನಾನು ಟಬ್ಬಿನ ಕಡೆಯೇ ನೋಡುತ್ತಾ ಕೂತೆ, ತಲೆ ಎತ್ತಿದ್ದರೆ ನಾನೂ ಅಳುತ್ತಿದ್ದೆ. ಫೋರ್ಸೆಪ್ಸನ್ನು ಅಲ್ಲೇ ಬಿಟ್ಟು ಬಂದೆ.

ಸರ್ವೀಸಿನಲ್ಲಿ ಸಾವಿರಾರು ದನಕರುಗಳಿಗೆ ಮದ್ದು ಕೊಟ್ಟಿದ್ದೇನೆ. ಉಳಿದವನ್ನೆಲ್ಲ ನಾನೇ ಉಳಿಸಿದೆನೆಂದು ಬಹುಕಾಲ ನಂಬಿದ್ದೆ. ಮದ್ದು ಬರೆಯುವುದು ನಮ್ಮ ಕೆಲಸದಲ್ಲಿ ಸುಲಭದ ಭಾಗ. ಸಾಕಿದ ಮನೆಯವರು ಬಿಡಬೇಕಾದ್ದನ್ನು ಬಿಡುತ್ತಾರೆಯೇ ಎಂಬುದು ಕಷ್ಟದ ಭಾಗ, ಅದು ಚೀಟಿಯಲ್ಲಿ ಬರೆಯುವಂಥದ್ದಲ್ಲ. ಅದನ್ನು ನಾನು ಕಲಿತದ್ದು, ಕಲಿಯುವ ಆಸೆಯೆಲ್ಲ ಬತ್ತಿದ್ದ ಕಾಲದಲ್ಲಿ, ಹೊಳೆನರಸೀಪುರದ ಒಂದು ತಾರಸಿಯ ಮೇಲೆ.

ನಿವೃತ್ತಿಯಾದ ಮೇಲೆ ಒಮ್ಮೆ ಆ ಕಡೆ ಹೋದಾಗ ಅವರ ಮನೆಗೆ ಹೋದೆ. ಪದ್ಮಿನಿ ಕಾಫಿ ಕೊಟ್ಟು, ಇವತ್ತು ಮನೆಯಲ್ಲಿ ತಿಂಡಿ ಇಲ್ಲ, ಏಕಾದಶಿ ಎಂದು ಸಂಕೋಚಪಟ್ಟರು. ತಾರಸಿಗೆ ಹತ್ತಿದೆ. ಭಟ್ಟರು ಸ್ಟೂಲಿನ ಮೇಲೆ ಕೂತಿದ್ದರು, ಬೆಳಗಿನಿಂದ ನೀರೂ ಮುಟ್ಟಿರಲಿಲ್ಲವಂತೆ. ಚಿಪ್ಪು ಗಟ್ಟಿಯಾಗಿದ್ದ ಆಮೆ ಕಲ್ಲಿನಿಂದ ದಡಬಡ ಇಳಿದು ಬಂದು ಫೋರ್ಸೆಪ್ಸಿನ ತುದಿಗೆ ಬಾಯಿ ಹಾಕಿತು.

"ಇವತ್ತು ಏಕಾದಶಿ ಅಲ್ವಾ ಭಟ್ಟರೆ?" ಎಂದು ಛೇಡಿಸಿದೆ.

ಅವರು ತಲೆ ಎತ್ತಲಿಲ್ಲ. ಇನ್ನೊಂದು ಸೀಗಡಿ ಸಿಕ್ಕಿಸಿಕೊಳ್ಳುತ್ತಾ ಹೇಳಿದರು:

"ಏಕಾದಶಿ ನನಗೆ. ಅದು ಆಮೆ."